ದುಬೈಗೆ ಒಮ್ಮೆ ಮಾಲು ಇಳಿಸಿದರೆ ಗಲ್ಫ್‌ನ ಆರೂ ದೇಶಕ್ಕೆ ಮಾರಬಹುದಾ? (ಬಳ್ಳಾರಿ ಜೀನ್ಸ್)

ಕೌಲ್‌ಬಜಾರ್ ಜೀನ್ಸ್:

ಎಲ್ಲರಿಗೂ ನಮಸ್ಕಾರ. ಗಲ್ಫ್ ವ್ಯಾಪಾರ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ ಉತ್ತರ ಹೇಳಿ. ನಾನು ಇದೇ ತಿಂಗಳು ಒಂದು ನಿರ್ಧಾರ ಮಾಡಲೇಬೇಕು.

ನಮ್ಮದು ಬಳ್ಳಾರಿ ಕೌಲ್‌ಬಜಾರ್‌ನಲ್ಲಿ ಒಂದು ಸಣ್ಣ ಜೀನ್ಸ್ ಯುನಿಟ್. ಹದಿನೆಂಟು ಮಷಿನ್ ಇವೆ. ಅಪ್ಪ ಬೇರೆಯವರ ಹತ್ತಿರ ಕಟಿಂಗ್ ಮಾಸ್ಟರ್ ಆಗಿದ್ದರು. ಆಮೇಲೆ ಸ್ವಂತಕ್ಕೆ ಶುರು ಮಾಡಿದರು. ಈಗ ಅವರ ಕಣ್ಣು ಸರಿ ಇಲ್ಲ, ನಾನೇ ನೋಡಿಕೊಳ್ಳುತ್ತಿದ್ದೇನೆ. ಬಟ್ಟೆ ಅಹಮದಾಬಾದ್‌ನಿಂದ ಬರುತ್ತದೆ. ಕಟಿಂಗ್, ಹೊಲಿಗೆ, ಬಾರ್‌ಟ್ಯಾಕ್ ನಮ್ಮಲ್ಲೇ. ವಾಷಿಂಗ್ ಮಾತ್ರ ಹೊರಗೆ ಕೊಡುತ್ತೇವೆ. ಗುಂಡಿ, ರಿವೆಟ್ ಹಾಕುವುದು, ದಾರ ಕತ್ತರಿಸುವುದು ಅಕ್ಕಪಕ್ಕದ ಮನೆ ಹೆಂಗಸರ ಕೆಲಸ.

ಇಷ್ಟು ವರ್ಷ ನಮ್ಮ ಪ್ಯಾಂಟ್ ದುಬೈಗೆ ಹೋಗುತ್ತಿತ್ತು, ಆದರೆ ನಮ್ಮ ಹೆಸರಲ್ಲಿ ಅಲ್ಲ. ಮಧ್ಯದವರು ಪೀಸಿಗೆ ಇಷ್ಟು ಅಂತ ಕೊಟ್ಟು ತಗೊಂಡು ಹೋಗುತ್ತಿದ್ದರು. ಹೋದ ವರ್ಷ ಧೈರ್ಯ ಮಾಡಿ ನಾನೇ ಐಇಸಿ (ರಫ್ತು ಮಾಡಲು ಬೇಕಾದ ಕೋಡ್) ಮಾಡಿಸಿದೆ. 1,200 ಪೀಸು ನೇರವಾಗಿ ಕಳಿಸಿದೆ. ಪೀಸಿಗೆ ಆರೂವರೆ ಡಾಲರ್, ಅಲ್ಲಿಯವರೆಗಿನ ಸಾಗಣೆ, ಇನ್ಶೂರೆನ್ಸ್ ಸೇರಿ. ದುಬೈನ ದೇರಾದಲ್ಲಿ ಹೋಲ್‌ಸೇಲ್ ಅಂಗಡಿ ಇಟ್ಟಿರುವವರು ತಗೊಂಡರು. ಹಣವೂ ಪೂರ್ತಿ ಬಂತು. ಬ್ಯಾಂಕ್ ಮೆಸೇಜ್ ಬಂದ ದಿನ ಅಪ್ಪನಿಗೆ ಮೂರು ಸಲ ಓದಿ ಹೇಳಿದೆ.

ಈಗ ಅವರು 4,000 ಪೀಸು ಕಳಿಸು ಅಂತಿದ್ದಾರೆ. ಅದನ್ನು ದುಬೈನ ಜೆಬೆಲ್ ಅಲಿ ಬಂದರಿನಲ್ಲಿ, ಸುಂಕ ಕಟ್ಟದೆ ಮಾಲು ಇಡಬಹುದಾದ ಫ್ರೀ ಝೋನ್‌ನ ಗೋಡೌನ್‌ನಲ್ಲಿ ಇಡುತ್ತಾರಂತೆ. ಅಲ್ಲಿಂದ ಒಮಾನ್‌ನ ಮಸ್ಕತ್, ಸೌದಿಯ ದಮ್ಮಾಮ್, ಕತಾರ್‌ನ ದೋಹಾ, ಎಲ್ಲಾ ಕಡೆ ಲಾರಿಯಲ್ಲಿ ಕಳಿಸುತ್ತಾರಂತೆ. ಮಾರಿದಷ್ಟಕ್ಕೆ ಹಣ. "ಗಲ್ಫ್ ಎಲ್ಲಾ ಒಂದೇ ಮಾರ್ಕೆಟ್, ಒಂದು ಕಡೆ ಇಳಿಸಿದರೆ ಆರು ಕಡೆ ಇಳಿಸಿದ ಹಾಗೆ, ಭಾರತದ ಬಟ್ಟೆಗೆ ಸುಂಕವೂ ಇಲ್ಲ" ಎಂದು ಹೇಳಿದರು.

ಇನ್ನೊಂದು ಕಡೆ, ನಮ್ಮ ಓಣಿಯ ಹುಡುಗ ಒಬ್ಬ ಮಸ್ಕತ್‌ನ ರೂವಿಯಲ್ಲಿ ಕೆಲಸ ಮಾಡುತ್ತಾನೆ. ಅವನು ಹಾಕಿಕೊಂಡಿದ್ದ ನಮ್ಮ ಪ್ಯಾಂಟ್ ನೋಡಿ ಅಲ್ಲಿಯ ಅಂಗಡಿಯವರು ವಾಟ್ಸಾಪ್ ಮಾಡಿದ್ದಾರೆ. 600 ಪೀಸು ಬೇಕಂತೆ. ಅವರು ರೇಟ್ 2.400 ಎಂದು ಬರೆದಿದ್ದಾರೆ. ಅದು ಎರಡು ಸಾವಿರದ ನಾನೂರಾ, ಎರಡು ಚಿಲ್ಲರೆಯಾ, ನನಗೆ ತಿಳಿಯಲಿಲ್ಲ. ಕೇಳಲು ಸಂಕೋಚ ಆಯಿತು.

ನನ್ನ ಪ್ರಶ್ನೆ ಇಷ್ಟೇ. ದುಬೈನವರು ಹೇಳಿದ್ದು ನಿಜವಾ? ಎಲ್ಲವನ್ನೂ ಅವರಿಗೇ ಕೊಡಲಾ, ಇಲ್ಲ ಮಸ್ಕತ್‌ಗೆ ಬೇರೆ ಕಳಿಸಲಾ? 4,000 ಪೀಸು ಎಂದರೆ ನಮಗೆ ಎರಡು ತಿಂಗಳ ಕೆಲಸ, ಮನೆ ಮೇಲಿನ ಸಾಲ. ಸುಮ್ನೆ ಕೇಳುತ್ತಿಲ್ಲ.

ಸಿರುಗುಪ್ಪ ಭತ್ತ:

ಗಲ್ಫ್ ದೇಶಗಳ ಮಧ್ಯೆ ಕಸ್ಟಮ್ಸ್ ಒಂದೇ ಅಲ್ವಾ ತಂಗಿ. ನನ್ನ ಷಡ್ಡಕ ಶಾರ್ಜಾದಲ್ಲಿದ್ದಾನೆ, ಒಂದು ಸಲ ಸುಂಕ ಕಟ್ಟಿದರೆ ಮುಗೀತು ಅಂತಾನೆ. ದುಬೈನವರು ಹೇಳಿದ್ದು ಸರಿ ಇರಬೇಕು. ನನಗೆ ಇಷ್ಟೇ ಗೊತ್ತು, ಹೆಚ್ಚು ತಿಳಿದವರು ಹೇಳಲಿ.

ಮಾನ್ವಿ ಕಡೆಯವ:

ತಂಗಿ, ನಾನು ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನವನು. 2009ರಿಂದ 2021ರವರೆಗೆ ಜೆಬೆಲ್ ಅಲಿಯಲ್ಲಿ ಒಂದು ಕ್ಲಿಯರಿಂಗ್ ಕಂಪನಿಯಲ್ಲಿ ಕಾಗದ ಪತ್ರ ನೋಡುತ್ತಿದ್ದೆ. ಈಗ ಊರಲ್ಲಿ ಹತ್ತಿ, ಮೆಣಸಿನಕಾಯಿ ಅಂತ ಇದ್ದೇನೆ. ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಬರೆಯಲು ಕೂತೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಸಣ್ಣದು. 2.400 ಎಂದರೆ ಎರಡು ರಿಯಾಲ್ ನಾನೂರು ಬೈಸಾ. ಒಮಾನ್‌ನಲ್ಲಿ ಒಂದು ರಿಯಾಲ್‌ಗೆ ಸಾವಿರ ಬೈಸಾ, ಅದಕ್ಕೇ ಚುಕ್ಕಿ ಆದಮೇಲೆ ಮೂರು ಅಂಕಿ ಬರೆಯುತ್ತಾರೆ. ಒಂದು ಒಮಾನಿ ರಿಯಾಲ್ ಸುಮಾರು 2.60 ಡಾಲರ್, ಡಾಲರ್‌ಗೆ ಕಟ್ಟಿಹಾಕಿದ ಬೆಲೆ. ಅಂದರೆ ಅವರು ಕೊಡುತ್ತಿರುವುದು 6.24 ಡಾಲರ್. ನಿಮ್ಮ ದುಬೈ ರೇಟಿಗಿಂತ 26 ಸೆಂಟ್ ಕಡಿಮೆ. ಸಾಗಣೆ ಯಾರದ್ದು ಎಂದು ಕೇಳಿ. ಇದರಲ್ಲಿ ಸಂಕೋಚ ಬೇಡ, ಕೇಳದೆ ಒಪ್ಪಿಕೊಂಡರೆ ಕಳೆದುಕೊಳ್ಳುವವರು ನೀವು. ಬಿಲ್ ಮಾತ್ರ ಡಾಲರ್‌ನಲ್ಲೇ ಮಾಡಿ. ಅಲ್ಲಿ ನಾಣ್ಯ ದೇಶಕ್ಕೊಂದು. ಆರೂ ದೇಶಕ್ಕೆ ಒಂದೇ ನಾಣ್ಯ ತರಬೇಕು ಎಂದು ಹೊರಟಿದ್ದರು. 2006ರಲ್ಲಿ ಒಮಾನ್ ಹಿಂದೆ ಸರಿಯಿತು, 2009ರಲ್ಲಿ ಯುಎಇ ಸರಿಯಿತು. ಅಲ್ಲಿಗೆ ನಿಂತಿದೆ.

ಈಗ ದೊಡ್ಡದು. ದುಬೈನವರು ಹೇಳಿದ್ದರಲ್ಲಿ ಮೂರು ಮಾತು ಇವೆ: ಗಲ್ಫ್‌ಗೆಲ್ಲಾ ಕಸ್ಟಮ್ಸ್ ಒಂದೇ, ಭಾರತದ ಬಟ್ಟೆಗೆ ಸುಂಕ ಇಲ್ಲ, ಫ್ರೀ ಝೋನ್‌ನಲ್ಲಿ ಇಟ್ಟು ಎಲ್ಲಾ ಕಡೆ ಕಳಿಸಬಹುದು. ಬಿಡಿಬಿಡಿಯಾಗಿ ಮೂರೂ ನಿಜ. ಒಟ್ಟಿಗೆ ಸೇರಿಸಿದರೆ ನಿಜ ಅಲ್ಲ. ಇಲ್ಲೇ ಜನ ಮೋಸ ಹೋಗುವುದು. ಅವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ, ಅವರೂ ಹಾಗೇ ನಂಬಿರಬಹುದು.

ಸೌದಿ, ಯುಎಇ, ಕುವೈತ್, ಕತಾರ್, ಬಹರೇನ್, ಒಮಾನ್, ಈ ಆರು ಸೇರಿ 1981ರಲ್ಲಿ ಜಿಸಿಸಿ ಎಂಬ ಕೂಟ ಮಾಡಿಕೊಂಡವು. 2003ರ ಜನವರಿಯಿಂದ ಕಸ್ಟಮ್ಸ್ ಒಂದಾಯಿತು. ಹೊರಗಿನ ಹೆಚ್ಚಿನ ಸರಕಿಗೆ ನೂರಕ್ಕೆ 5 ಸುಂಕ, ಮೊದಲು ಇಳಿದ ಬಂದರಿನಲ್ಲಿ ಒಂದೇ ಸಲ. ಆಮೇಲೆ ಆ ಮಾಲು ಬೇರೆ ದೇಶಕ್ಕೆ ಹೋದರೆ ಮತ್ತೆ ಸುಂಕ ಇಲ್ಲ. ಮೊದಲು ವಸೂಲಿ ಮಾಡಿದ ದೇಶ ಆ ಹಣವನ್ನು ಕೊನೆಗೆ ಮಾಲು ಸೇರಿದ ದೇಶಕ್ಕೆ ಲೆಕ್ಕದಲ್ಲಿ ವರ್ಗ ಮಾಡುತ್ತದೆ. ಇದಕ್ಕೆ ನಾವು ಅಲ್ಲಿ "ಮಕಾಸಾ" ಎನ್ನುತ್ತಿದ್ದೆವು. ದಿನಕ್ಕೆ ಇಪ್ಪತ್ತು ಸಲ ಬಾಯಲ್ಲಿ ಬರುವ ಮಾತು. ಸಿರುಗುಪ್ಪದ ಅಣ್ಣ ಹೇಳಿದ್ದು ಇದನ್ನೇ. ಸರಿ ಇದೆ.

ಸುಂಕ ಇಲ್ಲ ಎಂಬುದೂ ಸರಿ. ಭಾರತ ಮತ್ತು ಯುಎಇ ನಡುವಿನ ಸೆಪಾ ಎಂಬ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಮಾಲು ಭಾರತದಲ್ಲೇ ತಯಾರಾದದ್ದು ಎಂದು ತೋರಿಸುವ ಮೂಲ ಪ್ರಮಾಣ ಪತ್ರ ಇದ್ದರೆ ನಿಮ್ಮ ಪ್ಯಾಂಟಿಗೆ ಅಲ್ಲಿ ಸೊನ್ನೆ. ಆದರೆ ಆ ಒಪ್ಪಂದ ಯುಎಇ ಒಂದರ ಜೊತೆ, ಆರರ ಜೊತೆ ಅಲ್ಲ. ದುಬೈನಲ್ಲಿ ಸುಂಕವೇ ಕಟ್ಟದ ಮಾಲು ಒಮಾನ್ ಗಡಿಗೆ ಬಂದರೆ ವರ್ಗ ಮಾಡಲು ಹಣ ಎಲ್ಲಿದೆ? ಒಮಾನ್‌ನವರು ತಮ್ಮ 5 ಕೇಳುತ್ತಾರೆ. ಸುತ್ತಿ ಬಂದರೂ ಸುಂಕ ಉಳಿಯುವುದಿಲ್ಲ, ಗೋಡೌನ್ ಬಾಡಿಗೆ, ಲಾರಿ ಬಾಡಿಗೆ ಜಾಸ್ತಿ ಅಷ್ಟೇ.

ಇನ್ನು ಫ್ರೀ ಝೋನ್. ಗೋಡೌನ್ ನೆಲ ಯುಎಇಯದ್ದೇ, ಆದರೆ ಕಸ್ಟಮ್ಸ್ ಲೆಕ್ಕದಲ್ಲಿ ಆ ಮಾಲು ಇನ್ನೂ ಗಲ್ಫ್ ಒಳಗೆ ಬಂದೇ ಇಲ್ಲ. ಸಂತೆ ನಡೆಯುವ ಬಯಲಿನ ಬೇಲಿ ಹೊರಗೆ ಗಾಡಿ ನಿಲ್ಲಿಸಿದ ಹಾಗೆ. ಅಲ್ಲಿಂದ ಯಾವ ದೇಶಕ್ಕೆ ಹೋದರೂ ಹೊಸದಾಗಿ ಆಮದು ಕಾಗದ ಆಗಬೇಕು. 2021ರ ಜುಲೈನಲ್ಲಿ ಸೌದಿಯವರು ಇನ್ನೂ ಬಿಗಿ ಮಾಡಿದರು, ಫ್ರೀ ಝೋನ್‌ನಲ್ಲೇ ತಯಾರಾದ ಸರಕನ್ನೂ ಗಲ್ಫ್ ಸರಕು ಎಂದು ಒಪ್ಪುವುದಿಲ್ಲ ಎಂದರು. ನಾನು ಕೆಲಸ ಬಿಟ್ಟ ವರ್ಷ ಅದು, ಆಫೀಸಿನಲ್ಲಿ ಎಲ್ಲರಿಗೂ ಗಾಬರಿ. ಅದಕ್ಕೂ ಒಂದು ವರ್ಷ ಮೊದಲು, 2020ರ ಜೂನ್‌ನಲ್ಲಿ, ಸೌದಿ ತಾನೊಬ್ಬನೇ ಹಲವು ಸರಕುಗಳ ಸುಂಕ ಏರಿಸಿತ್ತು. ಹಾಗಾಗಿ ಸೌದಿಗೆ 5 ಎಂದು ಮೊದಲೇ ಲೆಕ್ಕ ಹಾಕಬೇಡಿ. ನಿಮ್ಮ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕಿನ ಗುರುತು ಸಂಖ್ಯೆ) ಹೇಳಿ ಅಲ್ಲಿಯ ಆಮದುದಾರನಿಂದ ಬರೆಸಿಕೊಳ್ಳಿ.

ವ್ಯಾಟ್ ತೆರಿಗೆ ಅಂತೂ ಎಲ್ಲಾ ಕಡೆ ಒಂದೇ ತರಹ ಇಲ್ಲ. ಯುಎಇ ನೂರಕ್ಕೆ 5. ಒಮಾನ್ 2021ರ ಏಪ್ರಿಲ್‌ನಿಂದ 5. ಬಹರೇನ್ 2022ರಿಂದ 10. ಸೌದಿ 2018ರಲ್ಲಿ 5 ಎಂದು ಶುರು ಮಾಡಿ 2020ರ ಜುಲೈನಿಂದ 15 ಮಾಡಿತು. ನಾನು ತಿಳಿದ ಮಟ್ಟಿಗೆ ಕತಾರ್, ಕುವೈತ್ ಇನ್ನೂ ಹಾಕಿಲ್ಲ. ನಿಮ್ಮದೇ 1,200 ಪೀಸು ತಗೊಳ್ಳಿ, ಬೆಲೆ 7,800 ಡಾಲರ್. ದುಬೈನಲ್ಲಿ ಸುಂಕ ಸೊನ್ನೆ, ವ್ಯಾಟ್ 390. ಒಮಾನ್‌ನಲ್ಲಿ ಸುಂಕ 390, ಅದನ್ನೂ ಸೇರಿಸಿ ವ್ಯಾಟ್ 409.50. ಸೌದಿಯಲ್ಲಿ ಸುಂಕ 5 ಎಂದೇ ಇಟ್ಟುಕೊಂಡರೂ ವ್ಯಾಟ್ 1,228.50. ರಿಜಿಸ್ಟರ್ ಆದ ವ್ಯಾಪಾರಿಗೆ ವ್ಯಾಟ್ ಆಮೇಲೆ ಹೊಂದಾಣಿಕೆ ಆಗುತ್ತದೆ, ನಮ್ಮ ಜಿಎಸ್‌ಟಿ ತರಹ. ಆದರೆ ಮೊದಲು ಕೈಯಿಂದ ಕಟ್ಟಬೇಕು. ಆ ಹಣ ಯಾರು ಹಾಕುತ್ತಾರೆ ಎಂದು ನಿಮ್ಮ ದುಬೈನವರು ಹೇಳಿದ್ದಾರಾ?

ಒಮಾನ್ ಜೊತೆಗೂ ಭಾರತ 2025ರ ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದೆ. ಸಹಿ ಬೇರೆ, ಜಾರಿ ಬೇರೆ. ನಿಮ್ಮ ಮಾಲು ಹೊರಡುವ ದಿನಕ್ಕೆ ಅದು ಜಾರಿಯಲ್ಲಿದೆಯಾ ಎಂದು ಏಜೆಂಟರನ್ನು ಕೇಳಿ. ಜಾರಿಯಲ್ಲಿದ್ದರೆ ಮಸ್ಕತ್ ಮಾಲನ್ನು ದುಬೈಗೆ ಒಯ್ಯಲು ಕಾರಣವೇ ಇಲ್ಲ, ನೇರವಾಗಿ ಸೊಹಾರ್ ಬಂದರಿಗೆ ಹೋಗಲಿ.

ಕೊನೆಗೆ ಲೇಬಲ್. ಇದನ್ನು ಓದದೆ ಬಿಡಬೇಡಿ. ನನ್ನ ಕೈಯಿಂದ ಹೋದ ಒಂದು ಲೋಡ್ ಷರ್ಟು ಯುಎಇಯ ಗುವೈಫಾತ್ ದಾಟಿ ಸೌದಿಯ ಬತ್ಹಾ ಗಡಿಯಲ್ಲಿ ನಿಂತಿತು. ಕಾಗದ ಎಲ್ಲಾ ಸರಿ. ಆದರೆ ಯಾವ ದೇಶದಲ್ಲಿ ತಯಾರಾಗಿದ್ದು ಎಂಬುದು ಬರೀ ಅಂಟಿಸಿದ ಸ್ಟಿಕ್ಕರ್‌ನಲ್ಲಿತ್ತು. ಸೌದಿಯವರು ಅದನ್ನು ಒಪ್ಪುವುದಿಲ್ಲ, ಕಿತ್ತರೂ ಬರದ ಹಾಗೆ ಇರಬೇಕು. ಆಗಸ್ಟ್ ತಿಂಗಳು. ಡ್ರೈವರ್ ಪೇಶಾವರ ಕಡೆಯ ಮುದುಕ, ಮೂರು ರಾತ್ರಿ ಲಾರಿಯಲ್ಲೇ ಮಲಗಿದ. ಫೋನ್ ಮಾಡಿದಾಗಲೆಲ್ಲಾ "ಬೇಟಾ, ನೀರು ಬಿಸಿಯಾಗಿದೆ" ಎನ್ನುತ್ತಿದ್ದ, ಬೈಯಲಿಲ್ಲ. ಮಾಲು ವಾಪಸ್ ಬಂತು. ಸ್ಟಿಕ್ಕರ್ ಸಾಕು ಎಂದು ಪಾಸ್ ಮಾಡಿದವನು ನಾನು. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಅದಕ್ಕೇ ಹೇಳುತ್ತಿದ್ದೇನೆ. ಸೊಂಟಪಟ್ಟಿ ಒಳಗೆ ನೇಯ್ದ ಲೇಬಲ್ ಹೊಲಿಸಿ. ಅದರಲ್ಲಿ ಭಾರತದಲ್ಲಿ ತಯಾರಾದದ್ದು ಎಂದು ಇಂಗ್ಲಿಷ್‌ನಲ್ಲೂ, ಅರಬ್ಬಿಯಲ್ಲಿ "ಸುನಿಅ ಫಿಲ್ ಹಿಂದ್" ಎಂದೂ ಇರಲಿ. ಹತ್ತಿ ಎಷ್ಟು, ಬೇರೆ ನೂಲು ಎಷ್ಟು, ಒಗೆಯುವುದು ಹೇಗೆ, ಅದೂ ಎರಡು ಭಾಷೆಯಲ್ಲಿ. ಒಂದೇ ಲೇಬಲ್ ಆರೂ ದೇಶಕ್ಕೆ ಆಗುವ ಹಾಗೆ ಈಗಲೇ ಮಾಡಿಬಿಡಿ. ಸೌದಿಗೆ ಇದರ ಜೊತೆ ಸಾಬೆರ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸರ್ಟಿಫಿಕೇಟ್ ಆಗಬೇಕು. ಅದನ್ನು ಅಲ್ಲಿಯ ಆಮದುದಾರನೇ ಮಾಡಿಸಬೇಕು, ನೀವು ಇಲ್ಲಿಂದ ಮಾಡಲು ಬರುವುದಿಲ್ಲ. ದಮ್ಮಾಮ್‌ನಲ್ಲಿ ಅಂಥ ಒಬ್ಬ ಗಟ್ಟಿ ಮನುಷ್ಯ ಸಿಗುವವರೆಗೆ ಸೌದಿ ಮಾತು ಬೇಡ.

ಕೌಲ್‌ಬಜಾರ್ ಜೀನ್ಸ್:

ಅಣ್ಣ, ಎರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಆ ಡ್ರೈವರ್ ವಿಷಯ ಬಂದಾಗ ಅಪ್ಪ ಸುಮ್ಮನಾಗಿಬಿಟ್ಟರು.

ನಮ್ಮ ಲೇಬಲ್ ಬರೀ ಸೈಜ್ ಮತ್ತು ನಮ್ಮ ಮಾರ್ಕ್. ದೇಶದ ಹೆಸರು ರಟ್ಟಿನ ಟ್ಯಾಗ್‌ನಲ್ಲಿದೆ, ದಾರ ಕತ್ತರಿಸಿದರೆ ಹೋಗುತ್ತದೆ. ಹೋದ ಸಲ ದುಬೈನಲ್ಲಿ ಹೇಗೆ ನಡೆಯಿತೋ ಗೊತ್ತಿಲ್ಲ.

ಇನ್ನೊಂದು ಕೇಳಬೇಕು. ಮಾರಿದಷ್ಟಕ್ಕೆ ಹಣ ಎನ್ನುವುದು ಅಲ್ಲಿ ರೂಢಿಯಾ? ಹೋದ ಸಲ ಅರ್ಧ ಮುಂಗಡ ಕೊಟ್ಟಿದ್ದರು. ಮನುಷ್ಯ ಒಳ್ಳೆಯವರು. ಬೇಡ ಎಂದರೆ ಸಂಬಂಧ ಕೆಡುತ್ತದೆ ಎಂಬ ಭಯ. ಮೂಲ ಪ್ರಮಾಣ ಪತ್ರಕ್ಕೆ ಬಟ್ಟೆ ಅಹಮದಾಬಾದ್‌ನದ್ದು ಆದರೆ ತೊಂದರೆ ಇಲ್ಲ ತಾನೇ?

ಗಂಗಾವತಿ ಅಕ್ಕಿ:

ತಂಗಿ, ಹಣದ ವಿಷಯ ನಾನು ಹೇಳುತ್ತೇನೆ. ನಮ್ಮದು ಅಕ್ಕಿ ವ್ಯಾಪಾರ, ಗಂಗಾವತಿ ಸೋನಾ ಮಸೂರಿ. ಗಲ್ಫ್‌ನಲ್ಲಿ ಕನ್ನಡದವರು, ತೆಲುಗಿನವರು ಎಲ್ಲಿದ್ದಾರೋ ಅಲ್ಲಿ ನಮ್ಮ ಅಕ್ಕಿಗೆ ಬೇಡಿಕೆ. ನಾವೂ ಒಂದು ಕಾಲದಲ್ಲಿ ಎಲ್ಲಾ ಮೂಟೆ ದುಬೈನಲ್ಲೇ ಇಳಿಸುತ್ತಿದ್ದೆವು. ಅಲ್ಲಿಂದ ಹಂಚುವುದು ಸುಲಭ, ಅದು ಸುಳ್ಳಲ್ಲ. ಜೆಬೆಲ್ ಅಲಿಯಿಂದ ಸಣ್ಣ ಸಣ್ಣ ಪಾಲು ಎಲ್ಲಾ ಕಡೆ ಹೋಗುತ್ತದೆ. ಮಸ್ಕತ್‌ಗೆ ನೂರು ಮೂಟೆ ನೇರವಾಗಿ ಕಳಿಸುತ್ತೇನೆ ಎಂದರೆ ಗಿಟ್ಟುವುದಿಲ್ಲ.

ಆದರೆ ನಾನು ಎರಡು ಸಲ ಪೆಟ್ಟು ತಿಂದೆ. 2017ರ ಜೂನ್ 5, ರಂಜಾನ್ ತಿಂಗಳು. ಸೌದಿ, ಯುಎಇ, ಬಹರೇನ್ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡವು, ಈಜಿಪ್ಟ್ ಕೂಡ. ಕತಾರ್‌ಗೆ ನೆಲದ ಗಡಿ ಒಂದೇ, ಅದು ಸೌದಿ ಕಡೆ. ಅದು ಬಂದ್. ಜೆಬೆಲ್ ಅಲಿಯಿಂದ ಕತಾರ್‌ಗೆ ಹಡಗೂ ಬಂದ್. ಹಬ್ಬಕ್ಕೆ ದೋಹಾ ಸೇರಬೇಕಾದ ನಮ್ಮ ಅಕ್ಕಿ ದುಬೈ ಗೋಡೌನ್‌ನಲ್ಲಿ ಕೂತಿತು. ಒಮಾನ್‌ನ ಸೊಹಾರ್, ಸಲಾಲಾ ಬಂದರಿನ ಮೇಲೆ ಸುತ್ತಿ ಹೋಗುವ ದಾರಿ ಆಮೇಲೆ ಆಯಿತು. ನಮ್ಮ ಅಕ್ಕಿ ಸೇರುವಷ್ಟರಲ್ಲಿ ಹಬ್ಬ ಮುಗಿದಿತ್ತು. ಆ ಜಗಳ ತೀರಿದ್ದು 2021ರ ಜನವರಿಯಲ್ಲಿ.

ಎರಡನೆಯದು 2023. ಜುಲೈ 20ಕ್ಕೆ ನಮ್ಮ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿತು. ಅದು ಎಲ್ಲರಿಗೂ ಗೊತ್ತು, ಮುಂದಿನ ವರ್ಷ ಸೆಪ್ಟೆಂಬರ್‌ವರೆಗೆ ನಡೆಯಿತು. ಆದರೆ ಅದೇ ತಿಂಗಳ ಕೊನೆಗೆ ಯುಎಇ ಕೂಡ ತನ್ನಲ್ಲಿರುವ ಅಕ್ಕಿ ಹೊರಗೆ ಹೋಗಬಾರದು ಎಂದು ನಾಲ್ಕು ತಿಂಗಳು ತಡೆ ಹಾಕಿತು. ಫ್ರೀ ಝೋನ್‌ಗೂ ಸೇರಿ. ಅಲ್ಲಿ ಆಗಲೇ ಇದ್ದ ನಮ್ಮ ಮೂಟೆಗಳಲ್ಲಿ ಒಂದು ಪಾಲು ಮಸ್ಕತ್‌ನವರದ್ದು. ಅವರು ಒಂದು ತಿಂಗಳು ಕಾದರು, ಆಮೇಲೆ ಬೇರೆ ದೇಶದ ಅಕ್ಕಿ ತಗೊಂಡರು. ಇವತ್ತಿಗೂ ಆ ಗಿರಾಕಿ ಪೂರ್ತಿ ವಾಪಸ್ ಬಂದಿಲ್ಲ. ಯುಎಇಯವರು ತಮ್ಮ ಜನಕ್ಕೆ ಅಕ್ಕಿ ಇಟ್ಟುಕೊಂಡರು, ತಪ್ಪು ಎನ್ನಲಾರೆ. ಆದರೆ ಎಲ್ಲಾ ಮೂಟೆ ಒಂದೇ ಗೋಡೌನ್‌ನಲ್ಲಿ ಇಟ್ಟವನು ನಾನು.

ಎರಡೂ ಸಲ ನನ್ನನ್ನು ಹಿಂಡಿದ್ದು ಒಂದೇ ವಿಷಯ. ಮಾಲು ಅವರ ಗೋಡೌನ್‌ನಲ್ಲಿ, ಹಣ ನನ್ನದು. ಮಾರಿದಷ್ಟಕ್ಕೆ ಹಣ ಎಂದರೆ ಇದೇ. ಗಡಿ ಮುಚ್ಚಲಿ, ಗಿರಾಕಿ ಓಡಲಿ, ಲೇಬಲ್ ತಪ್ಪಾಗಲಿ, ಎಲ್ಲಾ ನಷ್ಟ ಕೌಲ್‌ಬಜಾರ್‌ಗೆ ಬರುತ್ತದೆ. ಅದು ಅಲ್ಲಿ ರೂಢಿಯೂ ಹೌದು, ಅದಕ್ಕಾಗಿ ನೀವು ಒಪ್ಪಬೇಕಿಲ್ಲ. ಮನುಷ್ಯ ಒಳ್ಳೆಯವರಾದರೆ ನೇರವಾಗಿ ಹೇಳಿ: ಅಣ್ಣ, ನಮ್ಮದು ಹದಿನೆಂಟು ಮಷಿನ್, ಹೋದ ಸಲದ ಹಾಗೆ ಅರ್ಧ ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ (ಹಡಗಿನವರು ಮಾಲಿಗೆ ಕೊಡುವ ರಸೀದಿ) ನಕಲು ಕಳಿಸಿದಾಗ. ಒಳ್ಳೆಯವರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಸಾಲದ ಮೇಲೆ ಕೊಡಲೇಬೇಕಾದರೆ ಇಸಿಜಿಸಿ ವಿಮೆ (ರಫ್ತಿನ ಹಣ ಬಾರದಿದ್ದರೆ ಪರಿಹಾರ ಕೊಡುವ ವಿಮೆ) ಮಾಡಿಸಿ. ಹೆಚ್ಚು ಖರ್ಚಿಲ್ಲ, ರಾತ್ರಿ ನಿದ್ದೆ ಬರುತ್ತದೆ.

ಮಾನ್ವಿ ಕಡೆಯವ:

ಗಂಗಾವತಿ ಅಣ್ಣ ಹೇಳಿದ್ದಕ್ಕೆ ನನ್ನದೂ ಸಹಿ. 2017ರ ಆ ವಾರ ನಾವು ಆಫೀಸಿನಲ್ಲೇ ಮಲಗಿದ್ದೆವು.

ಬಟ್ಟೆ ಅಹಮದಾಬಾದ್‌ನದ್ದಾದರೆ ಅದೂ ಭಾರತವೇ, ಚಿಂತೆ ಇಲ್ಲ. ಜಿಪ್, ಗುಂಡಿ ಹೊರದೇಶದ್ದಾಗಿದ್ದರೆ ಆ ಬಿಲ್ ಕೂಡ ಜೋಪಾನ ಮಾಡಿ. ಬಟ್ಟೆ ಬಿಲ್, ವಾಷಿಂಗ್ ಬಿಲ್, ಜಾಬ್ ವರ್ಕ್ ಚಲನ್ ಎಲ್ಲಾ ಒಂದೇ ಫೈಲ್‌ನಲ್ಲಿ ಇರಲಿ. ಮೂಲ ಪ್ರಮಾಣ ಪತ್ರ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಕಚೇರಿಯಾದ ಡಿಜಿಎಫ್‌ಟಿಯ ಆನ್‌ಲೈನ್‌ನಲ್ಲೇ ಸಿಗುತ್ತದೆ. ಎಲ್‌ಯುಟಿಯನ್ನು (ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಹಾಕಬೇಕು. ಏಪ್ರಿಲ್‌ನಲ್ಲಿ ಮರೆತರೆ ಐಜಿಎಸ್‌ಟಿ ಕಟ್ಟಿ ರೀಫಂಡ್‌ಗೆ ಕಾಯಬೇಕಾಗುತ್ತದೆ.

ಇನ್ನೊಂದು ಮಾತು. ಯುಎಇಯಲ್ಲಿ 2022ರಿಂದ ಶನಿವಾರ ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಒಮಾನ್, ಸೌದಿಯಲ್ಲಿ ಶುಕ್ರ ಶನಿ ರಜೆ. ಗುರುವಾರ ಸಂಜೆ ಕಳಿಸಿದ ಕಾಗದಕ್ಕೆ ಮಸ್ಕತ್‌ನಿಂದ ಉತ್ತರ ಭಾನುವಾರವೇ. ಸೋಮವಾರದಿಂದ ಬುಧವಾರದ ಒಳಗೆ ಮುಖ್ಯ ಕೆಲಸ ಮುಗಿಸಿಕೊಳ್ಳಿ.

600 ಪೀಸಿಗೆ ಪೂರ್ತಿ ಕಂಟೇನರ್ ಬೇಡ, ಎಲ್‌ಸಿಎಲ್‌ನಲ್ಲಿ ಬೇರೆಯವರ ಮಾಲಿನ ಜೊತೆ ಹೋಗುತ್ತದೆ. ಮುಂಬೈ ಪಕ್ಕದ ನವಶೇವಾ ಮತ್ತು ಚೆನ್ನೈ ಬಂದರು, ಎರಡರ ರೇಟೂ ಕೇಳಿ. ಮಸ್ಕತ್ ಅಂಗಡಿಯವರಿಗೆ ಆಮದು ಮಾಡುವ ಪರವಾನಗಿ ಇದೆಯಾ, ಬಿಲ್ ಅವರ ಹೆಸರಿಗೇ ಆಗುತ್ತದಾ, ಇದನ್ನು ಮೊದಲು ಕೇಳಿ. ಇಲ್ಲ ಎಂದರೆ ಆ 600ನ್ನು ದುಬೈನವರ ಮೂಲಕವೇ ಕೊಡಿ, ಅದರಲ್ಲಿ ತಪ್ಪಿಲ್ಲ. ಆಗ ಮಸ್ಕತ್‌ಗೆ ಕಳಿಸುವ ಹೊಣೆ, ಸುಂಕ, ಲಾರಿ ಎಲ್ಲಾ ದುಬೈನವರದ್ದು. ನಿಮಗೆ ದುಬೈ ರೇಟು, ದುಬೈ ಹಣ.

ಕೌಲ್‌ಬಜಾರ್ ಜೀನ್ಸ್:

ಎಲ್ಲರಿಗೂ ತುಂಬಾ ಧನ್ಯವಾದ. ಎಂಟು ದಿನ ಆಯಿತು, ಏನಾಯಿತು ಎಂದು ಹೇಳುವುದು ನನ್ನ ಕರ್ತವ್ಯ.

ದುಬೈನವರ ಹತ್ತಿರ ಮಾತಾಡಿದೆ. ಗಂಗಾವತಿ ಅಣ್ಣ ಹೇಳಿದ ಮಾತನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ 4,000 ಬೇಡ, 1,500 ಕಳಿಸು, ಅರ್ಧ ಮುಂಗಡ ಎಂದರು. ಫ್ರೀ ಝೋನ್ ಮಾತು ಬಿಟ್ಟರು, ದೇರಾ ಅಂಗಡಿಗೇ ಹೋಗುತ್ತದೆ. 1,500 ನಮಗೆ ಸಾಕು. ಬೇಸಿಗೆಯಲ್ಲಿ ವಾಷಿಂಗ್‌ಗೆ ನೀರು ಸಿಗುವುದೇ ಕಷ್ಟ, 4,000 ಒಪ್ಪಿಕೊಂಡಿದ್ದರೆ ಅದೂ ಕಷ್ಟ ಆಗುತ್ತಿತ್ತು.

ಮಸ್ಕತ್‌ನವರಿಗೆ ಆಮದು ಪರವಾನಗಿ ಇದೆ. ಸಾಗಣೆ ಖರ್ಚು ಅವರದ್ದೇ ಅಂತೆ. ಹಾಗಾದರೆ 2.400 ನನಗೆ ದುಬೈ ರೇಟಿಗಿಂತ ಚೆನ್ನಾಗಿದೆ. ಮೊದಲು 300 ಪೀಸು ನೇರವಾಗಿ ಸೊಹಾರ್‌ಗೆ ಕಳಿಸುತ್ತೇನೆ. ಸೌದಿ ಸದ್ಯಕ್ಕೆ ಬೇಡ.

ಲೇಬಲ್ ನೇಯುವವರಿಗೆ ಆರ್ಡರ್ ಕೊಡಬೇಕು. ಅರಬ್ಬಿ ಅಕ್ಷರಗಳನ್ನು ನಮ್ಮ ಓಣಿಯ ಮದರಸಾದ ಗುರುಗಳ ಹತ್ತಿರ ಬರೆಸಿಕೊಂಡೆ. ಅಪ್ಪ ಒಂದು ಸ್ಯಾಂಪಲ್ ತಮ್ಮ ಕೈಯಲ್ಲೇ ಸೊಂಟಪಟ್ಟಿಗೆ ಹೊಲಿದರು, ಕಣ್ಣಿಗೆ ಕಾಣದಿದ್ದರೂ ಬೆರಳಲ್ಲಿ ಅಂದಾಜು ಮಾಡಿ. ನಾಲ್ಕೂ ಕಡೆ ಹೊಲಿಗೆ ಹಾಕಿದ್ದಾರೆ. ಫೋಟೋ ಹಾಕುತ್ತಿದ್ದೇನೆ, ಮಾನ್ವಿ ಅಣ್ಣ ಒಮ್ಮೆ ನೋಡಿ.

ಮಾನ್ವಿ ಕಡೆಯವ:

ನೋಡಿದೆ ತಂಗಿ. ಅರಬ್ಬಿ ಸರಿ ಇದೆ. ಹತ್ತಿಯ ಶೇಕಡಾ ಅಂಕಿ ಇಂಗ್ಲಿಷ್ ಸಾಲಿನಲ್ಲಿ 98 ಇದೆ, ಅರಬ್ಬಿ ಸಾಲಿನಲ್ಲಿ 89 ಆಗಿದೆ. ನೇಯಲು ಕೊಡುವ ಮೊದಲು ಅದೊಂದು ತಿದ್ದಿಸಿ. ಅಪ್ಪನ ಹೊಲಿಗೆ ಕಿತ್ತರೂ ಬರುವುದಿಲ್ಲ.